ಮೊದಲೇ ಇದ್ದದ್ದು, ಆಗಬಲ್ಲದ್ದು

ಸತ್ಕಾರ್ಯವಾದವನ್ನು ವಿಜ್ಞಾನ ಸಾಬೀತು ಮಾಡಿದೆ ಎಂಬ ಮಾತು ಈಗ ಉಪನ್ಯಾಸಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಇರುತ್ತದೆ ಎಂದು ಸಾಂಖ್ಯರು ಹೇಳಿದರು, ದೇಹವೆಲ್ಲ ಜೀನುಗಳಲ್ಲಿ ಮೊದಲೇ ಬರೆದಿದೆ ಎಂದು ಜೀವಶಾಸ್ತ್ರ ಹೇಳುತ್ತದೆ, ಆದ್ದರಿಂದ ಎರಡೂ ಒಂದೇ ಎಂಬುದು ಈ ವಾದ. ಇದು ತತ್ತ್ವವನ್ನೂ ಕೆಡಿಸುತ್ತದೆ, ಜೀವಶಾಸ್ತ್ರವನ್ನೂ ಕೆಡಿಸುತ್ತದೆ. ಸಾಂಖ್ಯರಿಗೆ ಎದುರಾಗಿ ನ್ಯಾಯ-ವೈಶೇಷಿಕರು ಹಿಡಿದ ಪಕ್ಷ ಅಸತ್ಕಾರ್ಯವಾದ: ಹುಟ್ಟುವವರೆಗೆ ಕಾರ್ಯ ಇಲ್ಲ, ಅದರ ಪ್ರಾಗಭಾವ ಮಾತ್ರ ಇದೆ, ಹುಟ್ಟಿದಾಗ ಅದು ಹೊಸದಾಗಿಯೇ ಹುಟ್ಟುತ್ತದೆ. ಸಸ್ತನಿಗಳ ಭ್ರೂಣದಲ್ಲಿ ಶ್ವಾಸಕೋಶ ಬೆಳೆಯುವ ಬಗೆಯನ್ನು ನೋಡಿದರೆ ಈ ಎರಡನೆಯ ಪಕ್ಷವೇ ಬಲವಾಗಿದೆ.

ಸಾಂಖ್ಯಕಾರಿಕೆಯ ಒಂಬತ್ತನೆಯ ಕಾರಿಕೆಯಲ್ಲಿ ಈಶ್ವರಕೃಷ್ಣ ಐದು ಹೇತುಗಳನ್ನು ಕೊಡುತ್ತಾನೆ. ಅವುಗಳಲ್ಲಿ ಗಟ್ಟಿಯಾದದ್ದು ಇದು: ಎಲ್ಲದರಿಂದಲೂ ಎಲ್ಲವೂ ಹುಟ್ಟುವುದಿಲ್ಲ. ಎಳ್ಳಿನಿಂದ ಎಣ್ಣೆ ಬರುತ್ತದೆ, ಮರಳಿನಿಂದ ಬರುವುದಿಲ್ಲ. ಹಾಗಾಗಿ ಎಣ್ಣೆ ಎಳ್ಳಿನಲ್ಲಿ ಮೊದಲೇ ಇತ್ತು. ಎಣ್ಣೆಯ ಮಟ್ಟಿಗೆ ಇದು ನಿಜ, ಗಾಣಕ್ಕೆ ಹಾಕುವ ಮುಂಚೆಯೂ ಅದು ಕಾಳಿನೊಳಗೆ ಎಣ್ಣೆಯಾಗಿಯೇ ಇತ್ತು. ಆದರೆ ಈ ಒಂದು ಉದಾಹರಣೆಯಿಂದ ಎಲ್ಲ ಹುಟ್ಟನ್ನೂ ಅಳೆದದ್ದೇ ತಪ್ಪು. ಒಂದು ವಸ್ತುವಿಗೆ ಇನ್ನೊಂದಾಗುವ ಸಾಮರ್ಥ್ಯವಿದೆ ಎನ್ನುವುದು ಬೇರೆ, ಆ ಇನ್ನೊಂದು ಅದರೊಳಗೆ ಈಗಲೇ ಇದೆ ಎನ್ನುವುದು ಬೇರೆ. ಈಶ್ವರಕೃಷ್ಣ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಗೆದ್ದೆನೆಂದುಕೊಳ್ಳುತ್ತಾನೆ.

ಮನುಷ್ಯನ ಭ್ರೂಣದಲ್ಲಿ ನಾಲ್ಕನೆಯ ವಾರ, ಇಲಿಯ ಭ್ರೂಣದಲ್ಲಿ ಸುಮಾರು ಒಂಬತ್ತೂವರೆ ದಿನಕ್ಕೆ, ಅನ್ನನಾಳವಾಗಲಿರುವ ಕೊಳವೆಯ ಮುಂಬದಿಯಲ್ಲಿ ಸಣ್ಣ ಮೊಗ್ಗು ಮೂಡುತ್ತದೆ. ಅದು ಎರಡಾಗಿ ಒಡೆದು, ಮತ್ತೆ ಮತ್ತೆ ಕವಲೊಡೆದು ಶ್ವಾಸಕೋಶವಾಗುತ್ತದೆ. ಕವಲೊಡೆಯುವುದು ಕೊಳವೆಯ ಒಳಪದರ. ಅದನ್ನು ಸುತ್ತುವರಿದ ಸಡಿಲ ಅಂಗಾಂಶಕ್ಕೆ ಮೆಸೆಂಕೈಮ್ ಎಂದು ಹೆಸರು. 1962ರಲ್ಲಿ ಅಲೆಶಿಯೊ ಮತ್ತು ಕಸ್ಸಿನಿ ಎಂಬ ವಿಜ್ಞಾನಿಗಳು ಇಲಿಯ ಭ್ರೂಣದ ಶ್ವಾಸಕೋಶದ ಮೆಸೆಂಕೈಮನ್ನು ತೆಗೆದು, ಎಂದೂ ಕವಲೊಡೆಯದ ಶ್ವಾಸನಾಳದ ಪಕ್ಕಕ್ಕೆ ಕಸಿ ಮಾಡಿದರು. ಅಲ್ಲಿ ಹೊಸ ಮೊಗ್ಗು ಎದ್ದಿತು. ತಿರುಗುಮುರುಗು ಮಾಡಿ, ಶ್ವಾಸನಾಳದ ಮೆಸೆಂಕೈಮನ್ನು ಕವಲಿಗೆ ಸುತ್ತಿದರೆ ಕವಲೊಡೆಯುವುದು ನಿಲ್ಲುತ್ತದೆ. ಕವಲು ಅವ್ಯಕ್ತವಾಗಿ ಅಲ್ಲೇ ಇತ್ತು ಎಂದು ಸಾಂಖ್ಯ ಉತ್ತರಿಸಬಹುದು. ಹಾಗಾದರೆ ಅದೇ ಒಳಪದರದಲ್ಲಿ ಕವಲೊಡೆಯದ ಕೊಳವೆಯೂ ಅವ್ಯಕ್ತವಾಗಿ ಇತ್ತೆಂದು ಒಪ್ಪಬೇಕು. ಒಂದಕ್ಕೊಂದು ವಿರುದ್ಧವಾದ ಎರಡೂ ಒಂದೇ ಕಡೆ ಇದ್ದವು ಎಂದಮೇಲೆ, ‘ಇತ್ತು’ ಎಂಬ ಮಾತಿನಿಂದ ಏನನ್ನೂ ವಿವರಿಸಿದಂತಾಗಲಿಲ್ಲ. ಯಾವುದು ಹುಟ್ಟುತ್ತದೆಂದು ತೀರ್ಮಾನಿಸಿದ್ದು ಪಕ್ಕದ ಅಂಗಾಂಶ, ನೈಯಾಯಿಕರ ಮಾತಿನಲ್ಲಿ ನಿಮಿತ್ತಕಾರಣ.

ಇದಕ್ಕೆ ಎರಡು ಆಕ್ಷೇಪಗಳಿವೆ. ಎಫ್‌ಜಿಎಫ್-10 ಎಂಬ ಜೀನ್ ಇಲ್ಲದ ಇಲಿಗೆ ಶ್ವಾಸನಾಳವಿರುತ್ತದೆ, ಶ್ವಾಸಕೋಶವೇ ಇರುವುದಿಲ್ಲ. ಹಾಗಾದರೆ ಜೀನೇ ಸರ್ವಸ್ವವಲ್ಲವೇ? ಜೀನ್ ಬೇಕೇಬೇಕು, ನಿಜ. ಆದರೆ ಆ ಜೀನ್ ಕೆಲಸ ಮಾಡುವುದು ಮೆಸೆಂಕೈಮಿನಲ್ಲಿ. ಅಲ್ಲಿಂದ ಹೊಮ್ಮುವ ಪ್ರೋಟೀನು ಒಳಪದರವನ್ನು ತನ್ನತ್ತ ಬೆಳೆಯಿಸಿಕೊಳ್ಳುತ್ತದೆ. ಶ್ವಾಸಕೋಶದ ಚಿತ್ರ ಅದರೊಳಗಿಲ್ಲ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ಒಂದು ಇಲಿಯಿಂದ ಇನ್ನೊಂದಕ್ಕೆ ಕವಲುಗಳ ಕ್ರಮ ಬಹುಮಟ್ಟಿಗೆ ಒಂದೇ ಎಂದು 2008ರಲ್ಲಿ ಮೆಟ್ಜರ್, ಕ್ರಾಸ್ನೋ ಮತ್ತು ಸಂಗಡಿಗರು ತೋರಿಸಿದರು. ಆದರೆ ಫಲ ಒಂದೇ ಬಗೆಯದಾದ ಮಾತ್ರಕ್ಕೆ ಅದು ಮೊದಲೇ ಇತ್ತೆಂದಾಗುವುದಿಲ್ಲ. ಪ್ರತಿ ಇಲಿಗೂ ಜೀನಿನ ಜೊತೆಗೆ ಅದೇ ನೆರೆಯೂ ಅದೇ ಗರ್ಭವೂ ಸಿಕ್ಕಿರುತ್ತದೆ. ಅದು ತಪ್ಪಿದಾಗ ಫಲವೂ ಬದಲಾಗುತ್ತದೆ. ಭ್ರೂಣದ ಶ್ವಾಸಕೋಶದಲ್ಲಿ ದ್ರವ ತುಂಬಿರುತ್ತದೆ. ಕುರಿಯ ಭ್ರೂಣದಲ್ಲಿ ಆ ದ್ರವವನ್ನು ಬಸಿದುಬಿಟ್ಟಾಗ ಶ್ವಾಸಕೋಶ ಕುಗ್ಗಿ ಉಳಿಯಿತು, ಶ್ವಾಸನಾಳವನ್ನು ಕಟ್ಟಿದಾಗ ಅತಿಯಾಗಿ ಬೆಳೆಯಿತು. ಜೀನುಗಳು ಹಾಗೆಯೇ ಇದ್ದವು. ಬಸಿರಿನ ನಡುವೆಯೇ ಗರ್ಭಜಲ ಸೋರಿಹೋದರೆ ಮಗುವಿನ ಶ್ವಾಸಕೋಶ ಚಿಕ್ಕದಾಗಿ ಉಳಿಯುವ ಅಪಾಯವಿರುವುದೂ ಇದೇ ಕಾರಣಕ್ಕೆ.

ಈ ಭೇದವನ್ನು ನಾನು ಒತ್ತಿ ಹೇಳುವುದು ತರ್ಕದ ಗೆಲುವಿಗಾಗಿ ಅಲ್ಲ. ಎಲ್ಲವೂ ಮೊದಲೇ ಇದೆ ಎಂದು ನಂಬಿದವರಿಗೆ ಬಸುರಿಯ ಆರೈಕೆ, ಊಟ, ಉಸಿರಾಡುವ ಗಾಳಿ ಎಲ್ಲವೂ ಇದ್ದದ್ದನ್ನು ಹೊರತೆಗೆಯುವ ನೆಪಗಳಾಗಿಬಿಡುತ್ತವೆ. ಮಗು ಹುಟ್ಟುವ ಹೊತ್ತಿಗೂ ಶ್ವಾಸಕೋಶದ ಕೆಲಸ ಮುಗಿದಿರುವುದಿಲ್ಲ. ವಾಯುಕೋಶಗಳಲ್ಲಿ ಬಹುಪಾಲು ರೂಪುಗೊಳ್ಳುವುದು ಹುಟ್ಟಿದ ಮೇಲೆ, ಎಳವೆಯಲ್ಲಿ. ಆ ವರ್ಷಗಳಲ್ಲಿ ಮನೆಯೊಳಗಿನ ಬೀಡಿ-ಸಿಗರೇಟಿನ ಹೊಗೆ ಮಗುವಿನ ಶ್ವಾಸಕೋಶದ ಬೆಳವಣಿಗೆಗೆ ಕುಂದು ತರುತ್ತದೆ. ಶ್ವಾಸಕೋಶ ಮೊದಲೇ ಇರಲಿಲ್ಲ, ಆಗುತ್ತಿದೆ ಎಂದು ತಿಳಿದವರು ಅದು ಹೇಗೆ ಆಗುತ್ತದೆ ಎಂಬುದರಲ್ಲಿ ತಮಗೂ ಹೊಣೆಯಿದೆ ಎಂದು ಒಪ್ಪಲೇಬೇಕಾಗುತ್ತದೆ.