ನೋಯಿಸದಿರುವುದನ್ನೂ ಕಲಿಯಬೇಕೆ?

ಅಹಿಂಸೆ ಮನಸ್ಸಿಗೆ ಸೇರಿದ ಗುಣ ಎಂದು ನಾವು ಹೆಚ್ಚುಕಡಿಮೆ ಒಪ್ಪಿಕೊಂಡುಬಿಟ್ಟಿದ್ದೇವೆ. ಯಾರಿಗೂ ಕೆಡುಕು ಬಯಸದವನು, ಯಾರ ಮೇಲೂ ಹಗೆ ಇಟ್ಟುಕೊಳ್ಳದವನು ಅಹಿಂಸಕ. ಅವನ ಕೈಯಿಂದ ಏನಾದರೂ ಅನಾಹುತವಾದರೆ ಅದು ಆಕಸ್ಮಿಕ. ಈ ಒಪ್ಪಿಗೆ ಎಷ್ಟು ಗಟ್ಟಿ ಎಂದು ನೋಡಬೇಕಾದರೆ ಕ್ಷೌರದ ಕತ್ತಿಯನ್ನು ಕೈಗೆತ್ತಿಕೊಳ್ಳಬೇಕು. ನಮ್ಮ ಅಜ್ಜಂದಿರ ಕಾಲದ ನಾವಿದನ ಪೆಟ್ಟಿಗೆಯಲ್ಲಿದ್ದ, ಹಿಡಿಯೊಳಗೆ ಮಡಚಿಕೊಳ್ಳುವ, ಉದ್ದನೆಯ ಬರಿಯ ಅಲಗಿನ ಕತ್ತಿ ಅದು. ಈಚೆಗೆ ಅದನ್ನು ಆಸೆಪಟ್ಟು ಕೊಂಡು, ಮನೆಯ ಕನ್ನಡಿಯ ಮುಂದೆ ನಿಂತು ಕಲಿಯುವವರಿದ್ದಾರೆ. ಅಂಥ ಹೊಸಬನಿಗೆ ತನ್ನ ಕೆನ್ನೆಯ ಮೇಲೆ ಎಳ್ಳಷ್ಟೂ ದ್ವೇಷವಿಲ್ಲ. ನೋಯಬಾರದೆಂಬ ಆಸೆ ಅವನಷ್ಟು ಇನ್ನಾರಿಗೂ ಇರಲಾರದು. ಆದರೂ ರಕ್ತ ಬರುತ್ತದೆ. ಒಳ್ಳೆಯ ಸಂಕಲ್ಪ ಪೂರ್ತಿಯಾಗಿದ್ದೂ ನೋವು ತಪ್ಪದಿದ್ದರೆ ಅಲ್ಲಿ ಕೊರತೆಯಾದದ್ದು ಯಾವುದು? ಅಹಿಂಸೆಯ ಬಹುಭಾಗ ಕೈಗೆ ಬರಬೇಕಾದ ವಿದ್ಯೆ, ಸಂಕಲ್ಪ ಅದರ ಮೊದಲ ಹೆಜ್ಜೆ ಮಾತ್ರ ಎಂಬುದು ನನ್ನ ವಾದ. ನಮ್ಮ ನೆಲದ ಧರ್ಮಚಿಂತನೆಯಲ್ಲಿ ಇದಕ್ಕೆ ಬೇಕಾದಷ್ಟು ಆಧಾರವಿದೆ.

ಹೊಸಬನ ಕೈಯಲ್ಲಿ ಕತ್ತಿ ಎಲ್ಲಿ ತಪ್ಪುತ್ತದೆ ಎಂದು ಹತ್ತಿರದಿಂದ ನೋಡೋಣ. ಬಿಸಿನೀರಿನಲ್ಲಿ ನೆನೆದು ನೊರೆ ಹಚ್ಚಿಸಿಕೊಂಡ ಕೆನ್ನೆಯ ಮೇಲೆ ಅಲಗು ಸುಮಾರು 30 ಡಿಗ್ರಿ ಓರೆಯಾಗಿ ಕೂರಬೇಕು. ಇನ್ನೂ ಚಪ್ಪಟೆಯಾದರೆ ಕೂದಲನ್ನು ಕತ್ತರಿಸದೆ ಜಗ್ಗುತ್ತದೆ, ನೆಟ್ಟಗಾದರೆ ಚರ್ಮವನ್ನೇ ಕೆರೆಯುತ್ತದೆ. ಇನ್ನೊಂದು ಕೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಸಡಿಲ ಬಿಟ್ಟ ಚರ್ಮ ಅಲಗಿನ ಮುಂದೆ ಮಡಿಕೆಯಾಗಿ ಏಳುತ್ತದೆ, ಗಾಯವಾಗುವುದು ಆ ಮಡಿಕೆಯಲ್ಲಿ. ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೇ, ಚಿಕ್ಕ ಚಿಕ್ಕ ಎಳೆತಗಳಲ್ಲಿ ಸಾಗಬೇಕು. ಅಲಗು ತನ್ನ ಉದ್ದದ ದಿಕ್ಕಿನಲ್ಲಿ ಸ್ವಲ್ಪ ಜಾರಿದರೂ ಸೀಳುತ್ತದೆ. ಇದೆಲ್ಲಕ್ಕಿಂತ ಯೋಚಿಸಬೇಕಾದ ಸಂಗತಿ ಹರಿತದ್ದು. ಹೆದರಿದ ಹೊಸಬನಿಗೆ ಮೊಂಡು ಕತ್ತಿಯೇ ಕ್ಷೇಮ ಅನ್ನಿಸುತ್ತದೆ. ಮೊಂಡು ಅಲಗು ಕೂದಲಿಗೆ ಸಿಕ್ಕಿ ನಿಲ್ಲುತ್ತದೆ, ಕೈ ತನಗೆ ತಿಳಿಯದಂತೆ ಒತ್ತುತ್ತದೆ, ಕೂದಲಿನಿಂದ ಬಿಡಿಸಿಕೊಂಡ ಕ್ಷಣದಲ್ಲಿ ಆ ಒತ್ತಡವೆಲ್ಲ ಚರ್ಮಕ್ಕೆ ಇಳಿಯುತ್ತದೆ. ಚೆನ್ನಾಗಿ ಮಸೆದ ಕತ್ತಿ ತನ್ನ ಭಾರದಿಂದಲೇ ಸಾಗುತ್ತದೆ, ಒತ್ತುವ ಅಗತ್ಯವೇ ಬೀಳುವುದಿಲ್ಲ. ಅದಕ್ಕಾಗಿಯೇ 1000ದ ಒರಟು ಕಲ್ಲಿನಿಂದ 8000ದ ನುಣುಪು ಕಲ್ಲಿನವರೆಗೆ, ಬೆನ್ನೂ ಬಾಯಿಯೂ ಒಟ್ಟಿಗೆ ತಾಗುವಂತೆ ಮಲಗಿಸಿ ಅದನ್ನು ಮಸೆಯುವುದು. ಪ್ರತಿ ಸಲ ಬಳಸುವ ಮೊದಲು ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯುವುದು. ಪಟ್ಟಿಯ ಮೇಲೆ ತಿರುಗಿಸುವಾಗ ಬೆನ್ನು ಮೇಲೆದ್ದರೆ ಬಾಯಿ ಮಡಚಿಕೊಳ್ಳುತ್ತದೆ, ಮಸೆದದ್ದೆಲ್ಲ ವ್ಯರ್ಥ. ಮೃದುವಾಗಿರಬೇಕೆಂಬ ಹಂಬಲ ಒಂದೇ ಇದ್ದು ಈ ತಿಳಿವಳಿಕೆ ಇಲ್ಲದವನು, ಆ ಹಂಬಲದ ದೆಸೆಯಿಂದಲೇ ಗಾಯ ಮಾಡಿಕೊಳ್ಳುತ್ತಾನೆ.

ಹಿಂಸೆ ಮನಸ್ಸಿನದೋ ಮೈಯದೋ ಎಂಬ ಜಗಳ ನಮ್ಮಲ್ಲಿ ಬಹಳ ಹಳೆಯದು. ಪಾಲಿ ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ನಾಲಂದೆಯ ಹತ್ತಿರ ನಡೆದ ಚರ್ಚೆಯೊಂದಿದೆ. ನಿಗಂಠರು, ಎಂದರೆ ಜೈನ ಶ್ರಮಣರು, ಮೈಯಿಂದಾದ ಕೃತ್ಯವೇ ಎಲ್ಲಕ್ಕಿಂತ ಭಾರವಾದ ಪಾಪ ಎನ್ನುತ್ತಾರೆ. ಬುದ್ಧ ಮನಸ್ಸಿನ ಕೃತ್ಯವೇ ಭಾರ ಎನ್ನುತ್ತಾನೆ. ಜೈನರ ಸೂತ್ರಕೃತಾಂಗ ಇದಕ್ಕೆ ತಿರುಗೇಟು ಕೊಡುತ್ತದೆ: ಮನುಷ್ಯನನ್ನು ಹಿಂಡಿಯ ಉಂಡೆಯೆಂದೂ ಮಗುವನ್ನು ಸೋರೆಕಾಯಿಯೆಂದೂ ಭ್ರಮಿಸಿ ಬೇಯಿಸಿದವನಿಗೆ ಕೊಲೆಯ ದೋಷ ತಟ್ಟದು ಎನ್ನುವವರೆಂದು ಬೌದ್ಧರನ್ನು ಅಲ್ಲಿ ಚಿತ್ರಿಸಲಾಗಿದೆ. ಎರಡು ಕಡೆಯವರೂ ಎದುರಾಳಿಯ ಮಾತನ್ನು ಅತಿಗೆ ಎಳೆದಿದ್ದಾರೆ, ಆದರೂ ಇಬ್ಬರ ಆಕ್ಷೇಪದಲ್ಲೂ ನಿಜವಿದೆ. ಬರಿಯ ಫಲವನ್ನೇ ಲೆಕ್ಕ ಹಿಡಿದರೆ ಕಾಲಡಿ ಸಿಕ್ಕ ಇರುವೆಗಾಗಿ ನಡೆಯುವವರೆಲ್ಲ ಕೊಲೆಗಾರರಾಗುತ್ತಾರೆ. ಬರಿಯ ಭಾವವನ್ನೇ ಹಿಡಿದರೆ ಕಣ್ಣು ಮುಚ್ಚಿಕೊಂಡು ಕತ್ತಿ ಬೀಸಿದವನೂ ನಿರ್ದೋಷಿ.

ಇವೆರಡರ ನಡುವೆ ಮೂರನೆಯ ದಾರಿಯನ್ನು ಸ್ಪಷ್ಟವಾಗಿ ಹೇಳಿದ್ದು ತತ್ತ್ವಾರ್ಥಸೂತ್ರ. ಜೈನರ ಎಲ್ಲ ಪಂಥಗಳೂ ಮಾನ್ಯ ಮಾಡುವ ಆ ಗ್ರಂಥದ ಏಳನೆಯ ಅಧ್ಯಾಯ, ಪ್ರಮಾದದಿಂದ ಕೂಡಿದ ಚಟುವಟಿಕೆಯಿಂದ ಪ್ರಾಣಹಾನಿಯಾಗುವುದೇ ಹಿಂಸೆ ಎಂದು ವ್ಯಾಖ್ಯೆ ಕೊಡುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ. ನಮ್ಮ ಗಂಗರ ನಾಡಿನೊಂದಿಗೆ ಹೆಸರು ಬೆಸೆದುಕೊಂಡಿರುವ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಇದನ್ನು ಬಿಡಿಸುತ್ತಾ, ನೋಡಿ ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿ ಜೀವಿಯೊಂದು ಸಿಕ್ಕರೂ ಅವನಿಗೆ ಕರ್ಮಬಂಧವಿಲ್ಲ, ಅಜಾಗರೂಕನಿಗೆ ಜೀವ ಸಾಯದೆ ಉಳಿದರೂ ದೋಷ ತಪ್ಪದು ಎಂಬ ವಿಚಾರವನ್ನು ಆಧಾರವಾಗಿ ತರುತ್ತಾರೆ. ಇಲ್ಲಿ ಹೊಸಬ ಎದ್ದು ಕೇಳಬಹುದು: ನಾನು ಉಸಿರು ಬಿಗಿಹಿಡಿದು ಎಚ್ಚರವಾಗಿಯೇ ಇದ್ದೆನಲ್ಲ, ಆದರೂ ಕುಯ್ದುಕೊಂಡೆನಲ್ಲ? ನ್ಯಾಯವಾದ ಪ್ರಶ್ನೆ. ಎಚ್ಚರ ಎಂದರೆ ಬರಿಯ ಬಿಗಿತವಲ್ಲ ಎಂಬುದೇ ಉತ್ತರ. ಎಲ್ಲಿ ನೋಡಬೇಕು, ಬೆರಳು ಎಲ್ಲಿರಬೇಕು, ಯಾವಾಗ ನಿಲ್ಲಿಸಬೇಕು ಎಂಬ ತಿಳಿವು ತುಂಬಿದ ಎಚ್ಚರ ಬೇಕು. ಅದು ಅಭ್ಯಾಸದಿಂದಲ್ಲದೆ ಬರುವುದಿಲ್ಲ. ಜೈನ ಆಚಾರ್ಯರಿಗೆ ಇದು ಗೊತ್ತಿತ್ತು. ಎಚ್ಚರವಾಗಿರು ಎಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ಐದು ಸಮಿತಿಗಳೆಂದು ಅದನ್ನು ಕೆಲಸಗಳಾಗಿ ಬಿಡಿಸಿಟ್ಟರು. ನಡೆಯುವಾಗಿನದು, ಮಾತಾಡುವಾಗಿನದು, ಭಿಕ್ಷೆ ಸ್ವೀಕರಿಸುವಾಗಿನದು ಹೀಗೆ. ಅವುಗಳಲ್ಲಿ ಒಂದು ಆದಾನನಿಕ್ಷೇಪಣ ಸಮಿತಿ: ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ಇರಬೇಕಾದ ಜಾಗ್ರತೆ. ಕತ್ತಿ ಹಿಡಿದವರಿಗೆ ಇದರ ಬೆಲೆ ತಕ್ಷಣ ತಿಳಿಯುತ್ತದೆ. ಕೂದಲು ತೆಗೆಯುವ ಹೊತ್ತಿನಲ್ಲಿ ಮನಸ್ಸು ತಾನಾಗಿಯೇ ಅಲಗಿನ ಮೇಲಿರುತ್ತದೆ. ಬೆರಳು ಕುಯ್ಯುವುದು ಕತ್ತಿ ತೆರೆಯುವಾಗ, ನೊರೆ ಒರೆಸುವಾಗ, ಕೆಲಸ ಮುಗಿಯಿತೆಂದು ಮಡಚಿಡುವಾಗ.

ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಜೈನ ಮುನಿಗಳೇ ಕತ್ತಿಯನ್ನು ಬಿಟ್ಟುಬಿಟ್ಟರಲ್ಲ ಎಂಬ ಆಕ್ಷೇಪ ಏಳುತ್ತದೆ. ಹೌದು. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಕೇಶಲೋಚವೂ ಒಂದು: ಎರಡರಿಂದ ನಾಲ್ಕು ತಿಂಗಳೊಳಗೆ ತಲೆ, ಗಡ್ಡ, ಮೀಸೆಯ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುವುದು. ಆದರೆ ಕತ್ತಿ ಬೇಡವೆನ್ನಲು ಅವರು ಕೊಟ್ಟ ಮುಖ್ಯ ಕಾರಣಗಳು ಬೇರೆ. ಕತ್ತಿಯನ್ನು ಇಟ್ಟುಕೊಂಡರೆ ಪರಿಗ್ರಹ, ಇಟ್ಟುಕೊಳ್ಳದೆ ಕ್ಷೌರಿಕನನ್ನು ಕರೆದರೆ ಪರಾವಲಂಬನೆ, ಕೂದಲು ಬಿಟ್ಟರೆ ಹೇನು ಹುಟ್ಟಿ ಅವುಗಳ ಸಾವಿಗೆ ಕಾರಣವಾದಂತೆ. ಎಲ್ಲವನ್ನೂ ಬಿಟ್ಟವನಿಗೆ ಇದು ಸುಸಂಗತವಾದ ನಿರ್ಧಾರ. ಗೃಹಸ್ಥನಿಗೆ ಅವರು ಇದನ್ನು ವಿಧಿಸಲಿಲ್ಲ. ಅಡುಗೆ, ಬೇಸಾಯ, ಕಸುಬುಗಳಲ್ಲಿ ಒಂದಷ್ಟು ಹಿಂಸೆ ತಪ್ಪದೆಂದು ಒಪ್ಪಿ, ಅದನ್ನು ಕಡಿಮೆ ಮಾಡುವ ಹೊಣೆಯನ್ನು ಅವನ ಎಚ್ಚರಕ್ಕೆ ಬಿಟ್ಟರು. ಬೌದ್ಧರು ಇನ್ನೊಂದು ದಾರಿ ಹಿಡಿದರು. ಭಿಕ್ಷುವಿನ ಎಂಟು ಪರಿಕರಗಳಲ್ಲಿ ಕ್ಷೌರದ ಕತ್ತಿಯೂ ಇದೆ. ಕತ್ತಿ, ಅದರ ಮಸೆಗಲ್ಲು, ಅದರ ಒರೆ ಇಟ್ಟುಕೊಳ್ಳಲು ಸಂಘದ ನಿಯಮಸಂಹಿತೆಯಾದ ವಿನಯ ಅನುಮತಿಸುತ್ತದೆ, ಕೂದಲು ಎರಡು ತಿಂಗಳಿಗಿಂತ ಅಥವಾ ಎರಡು ಬೆರಳಿಗಿಂತ ಹೆಚ್ಚು ಬೆಳೆಯಬಾರದೆಂದೂ ಹೇಳುತ್ತದೆ. ಆದರೆ ಒಂದು ಕಟ್ಟಳೆ ಬೇರೆಯೇ ಇದೆ. ಆತುಮಾ ಎಂಬ ಊರಿನಲ್ಲಿ ಮುಪ್ಪಿನಲ್ಲಿ ಭಿಕ್ಷುವಾದ ಕ್ಷೌರಿಕನೊಬ್ಬ, ಬುದ್ಧನಿಗೆ ಗಂಜಿ ಮಾಡಿಸಬೇಕೆಂಬ ಭಕ್ತಿಯಿಂದ ತನ್ನ ಇಬ್ಬರು ಮಕ್ಕಳ ಕೈಗೆ ಕ್ಷೌರದ ಸಾಮಾನು ಕೊಟ್ಟು ಮನೆಮನೆಗೆ ಕಳಿಸುತ್ತಾನೆ. ಕ್ಷೌರ ಬೇಡದವರೂ ಮಾಡಿಸಿಕೊಂಡು ಅಕ್ಕಿ, ಎಣ್ಣೆ, ಉಪ್ಪು ಕೊಡುತ್ತಾರೆ. ವಿಷಯ ತಿಳಿದ ಬುದ್ಧ ಗಂಜಿ ಮುಟ್ಟದೆ, ಹಿಂದೆ ಕ್ಷೌರಿಕನಾಗಿದ್ದವನು ಆ ಸಾಮಾನನ್ನು ಇಟ್ಟುಕೊಳ್ಳಬಾರದೆಂದು ನಿಯಮ ಮಾಡುತ್ತಾನೆ. ಕೌಶಲಕ್ಕೆ ಜನರ ಮೇಲೆ ಒಂದು ಬಲವಿದೆ, ಬಯಸದವರಿಂದಲೂ ಅದು ವಸೂಲು ಮಾಡಬಲ್ಲದು ಎಂಬುದನ್ನು ಈ ನಿಯಮ ಗುರುತಿಸಿದೆ. ನನ್ನ ವಾದಕ್ಕೆ ಇದು ಬೇಕಾದ ತಿದ್ದುಪಡಿ: ಪಳಗಿದ ಕೈ ಇದ್ದಮಾತ್ರಕ್ಕೆ ಅಹಿಂಸೆ ಆಗಲಿಲ್ಲ, ಸಂಕಲ್ಪವನ್ನು ಬಿಟ್ಟು ಕೌಶಲ ನಿಲ್ಲಲಾರದು.

ವೈದಿಕ ಗೃಹ್ಯಸೂತ್ರಗಳು ಈ ಪ್ರಶ್ನೆಯನ್ನು ವಿಧಿಯೊಳಗೇ ಇಟ್ಟುಕೊಂಡಿವೆ. ಮಗುವಿನ ಕೂದಲನ್ನು ಮೊದಲ ಸಲ ತೆಗೆಯುವ ಚೌಲದಲ್ಲಿ ದರ್ಭೆಯನ್ನು ಕೂದಲಿಗೆ ಸೇರಿಸಿ ಹಿಡಿದು ಮಗುವನ್ನು ಕಾಪಾಡೆಂದು ಬೇಡುತ್ತಾರೆ, ನೋಯಿಸಬೇಡವೆಂದು ಕತ್ತಿಯನ್ನೇ ಕೇಳಿಕೊಳ್ಳುತ್ತಾರೆ. ಹದಿನಾರನೆಯ ವರ್ಷದಲ್ಲಿ ಹುಡುಗನ ಗಡ್ಡಕ್ಕೆ ಮೊದಲ ಸಲ ಕತ್ತಿ ತಾಗುವ ಕೇಶಾಂತವೂ ಬಹುಮಟ್ಟಿಗೆ ಇದೇ ಕ್ರಮದ್ದು. ಪ್ರಾರ್ಥನೆಯೇ ಸಾಕಾಗಿದ್ದರೆ ವಿಧಿ ಅಲ್ಲಿಗೆ ಮುಗಿಯಬೇಕಿತ್ತು. ಆಶ್ವಲಾಯನ ಗೃಹ್ಯಸೂತ್ರ ಅಲ್ಲಿಗೆ ನಿಲ್ಲುವುದಿಲ್ಲ. ತಣ್ಣೀರು ಬಿಸಿನೀರು ಬೆರೆಸಿ ಹದ ಮಾಡಿಕೊಂಡು, ಗಾಯವಾಗದಂತೆ ಕೆಲಸ ಮಾಡೆಂದು ಕ್ಷೌರಿಕನಿಗೆ ನೇರವಾಗಿ ಹೇಳಿಸುತ್ತದೆ. ಗಿಡಕ್ಕೆ, ಕತ್ತಿಗೆ, ಮನುಷ್ಯನಿಗೆ ಒಂದೇ ಬೇಡಿಕೆ, ಆದರೆ ನೀರಿನ ಹದದ ಮಾತು ಬಂದದ್ದು ಮನುಷ್ಯನ ಪಾಲಿಗೆ ಮಾತ್ರ. ಬೆಚ್ಚಗಿನ ನೀರು ಕೂದಲನ್ನು ಮೆತ್ತಗಾಗಿಸುತ್ತದೆ, ಇವತ್ತಿನ ಹೊಸಬನಿಗೂ ಹೇಳಿಕೊಡುವ ಮೊದಲ ಪಾಠ ಅದೇ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ನೋಯಿಸಲಾಗದ ಉಪಕರಣವನ್ನೇ ಮಾಡಿಬಿಟ್ಟರೆ ಈ ಸಾಧನೆಯೆಲ್ಲ ಯಾತಕ್ಕೆ? ಅಮೆರಿಕದ ಕಿಂಗ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಸೇಫ್ಟಿ ರೇಜರ್ ಕೋನವನ್ನು ತಾನೇ ಹಿಡಿದುಕೊಂಡು, ಅಲಗಿನ ಅಂಚನ್ನಷ್ಟೇ ಹೊರಗಿಟ್ಟಿತು. ಹೆಚ್ಚಿನವರಿಗೆ ಇದರಿಂದ ಒಳ್ಳೆಯದೇ ಆಗಿದೆ, ಅದನ್ನು ಅಲ್ಲಗಳೆಯುವುದು ಹಟವಾದೀತು. ಎಚ್ಚರಕ್ಕೆ ಮಿತಿಯೂ ಇದೆ: ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ಅಥವಾ ಎಚ್‌ಐವಿ ಸಾಗಿಸಬಲ್ಲ ಅಲಗಿನ ಮೇಲೆ ಎಷ್ಟು ಕಣ್ಣಿಟ್ಟರೂ ವೈರಸ್ ಕಾಣುವುದಿಲ್ಲ. ನಮ್ಮ ಸಲೂನುಗಳಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಮುರಿದು ಹಿಡಿಗೆ ಸಿಕ್ಕಿಸುವ ಪದ್ಧತಿ ಬಂದದ್ದು ಸರಿಯಾದದ್ದೇ. ಆದರೆ ಇದು ನನ್ನ ವಾದವನ್ನು ಕೆಡಿಸುವುದಿಲ್ಲ. ಬ್ಲೇಡು ಬದಲಿಸಬೇಕೆಂದು ತಿಳಿಯಲೂ ಯಾರೋ ಕಲಿಯಬೇಕಾಯಿತು. ಒಳ್ಳೆಯ ಮನಸ್ಸಿನ ಎಷ್ಟೋ ಕೈಗಳು ಅದು ತಿಳಿಯುವ ಮೊದಲು ಒಂದೇ ಅಲಗನ್ನು ಹತ್ತಾರು ಗಲ್ಲಗಳ ಮೇಲೆ ಆಡಿಸಿದ್ದವು. ಜೊತೆಗೆ, ಬದುಕಿನ ಎಲ್ಲ ಅಲಗುಗಳಿಗೂ ಕವಚ ಹಾಕಲಾಗದು. ವೈದ್ಯನ ಕೈಗೆ, ತೀರ್ಪು ಬರೆಯುವವನ ಲೇಖನಿಗೆ, ಮಗುವನ್ನು ಗದರುವ ಮಾತಿಗೆ ಸೇಫ್ಟಿ ರೇಜರ್ ಇನ್ನೂ ಬಂದಿಲ್ಲ.

ಕೊನೆಗೆ ಉಳಿಯುವ ಆಕ್ಷೇಪ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವಂಥದು. ಅಹಿಂಸೆ ಕೈಯ ವಿದ್ಯೆಯಾದರೆ ನಮ್ಮ ಸಮಾಜದಲ್ಲಿ ಅದನ್ನು ತಲೆತಲಾಂತರದಿಂದ ಬಲ್ಲವರು ಕ್ಷೌರಿಕರು. ಇನ್ನೊಬ್ಬರ ಗಂಟಲ ಮೇಲೆ ಅಲಗಿಟ್ಟು ನೋಯಿಸದೆ ಎತ್ತುವುದು ಅವರ ದಿನದ ಕೆಲಸ. ಅವರಿಲ್ಲದೆ ಚೌಲವಿಲ್ಲ, ಮದುವೆಯಿಲ್ಲ, ಸೂತಕ ಕಳೆಯುವುದಿಲ್ಲ. ಆದರೂ ಅವರ ಜಾತಿಯ ಹೆಸರನ್ನು ಬೈಗುಳ ಮಾಡಿಕೊಂಡೆವು, ಮುಂಜಾನೆ ಎದುರಾದರೆ ಅಪಶಕುನವೆಂದೆವು. ಅದೇ ವ್ಯವಸ್ಥೆ ಅವರೇ ದಲಿತರಿಗೆ ಕ್ಷೌರ ನಿರಾಕರಿಸುವಂತೆ ಮಾಡಿತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧವಾಗಿದ್ದರೂ ಕರ್ನಾಟಕದ ಹಳ್ಳಿಗಳಿಂದ ಅಂಥ ಸುದ್ದಿ ಇನ್ನೂ ಬರುತ್ತಿದೆ. ಹಾಗಾದರೆ ಕೈಯ ವಿದ್ಯೆಯನ್ನು ಅಧ್ಯಾತ್ಮವೆಂದು ಹೊಗಳುವುದು ಮೇಲ್ಜಾತಿಯ ಹವ್ಯಾಸವಷ್ಟೇ ಅಲ್ಲವೇ? ಆ ಅಪಾಯ ನಿಜ. ಅದನ್ನು ಕಂಡವರು ನಮ್ಮ ಪರಂಪರೆಯಲ್ಲೇ ಇದ್ದರು. ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ, ಜೊತೆಗಿದ್ದ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿಸಿದರು, ತಮ್ಮ ಕುಲದ ಹೆಮ್ಮೆ ಕರಗಲಿ, ತಾವು ಮೊದಲು ಬಾಗುವುದು ಅವನಿಗೇ ಆಗಲಿ ಎಂದು. ನಾಲಂದೆಯ ಚರ್ಚೆಯ ಉಪಾಲಿ ಬೇರೆ, ಈತ ಬೇರೆ. ರಾಜಗೃಹದಲ್ಲಿ ಸೇರಿದ ಮೊದಲ ಬೌದ್ಧ ಸಭೆಯಲ್ಲಿ ವಿನಯದ ನಿಯಮಗಳನ್ನೆಲ್ಲ ಹೇಳಿದವನು ಇವನೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ಕ್ಷೌರದ ಕಸುಬಿನ ನಮ್ಮ ಹಡಪದ ಸಮುದಾಯ ಇವತ್ತಿಗೂ ತನ್ನ ಹಿರಿಯರೆಂದು ನೆನೆಯುತ್ತದೆ. ಹೊಸಬನೊಬ್ಬ ಕತ್ತಿ ಹಿಡಿಯಲು ಕಲಿಯುವುದಿದ್ದರೆ ಕಸುಬು ಬಲ್ಲವರನ್ನು ಗುರುವೆಂದು ಒಪ್ಪಿ ಕಲಿಯಬೇಕು. ಆ ಗೌರವವಿಲ್ಲದ ಕಲಿಕೆಯಲ್ಲಿ ಕೆನ್ನೆ ಉಳಿದೀತು, ಹಿಂಸೆ ಬೇರೆ ಕಡೆ ನಡೆದೇ ಇರುತ್ತದೆ.

ಕೈ ಪಳಗುವ ತನಕ ಹೊಸಬ ಹಿಂಸಕನೇ ಎಂದು ಕೇಳಿದರೆ, ಹಾಗಾಗಬೇಕಿಲ್ಲ. ಜೈನ ಗೃಹಸ್ಥನಿಗೆ ದಿಗ್ವ್ರತವೆಂಬುದಿದೆ: ಯಾವ ದಿಕ್ಕಿನಲ್ಲೂ ಇಂತಿಷ್ಟು ದೂರದಾಚೆ ಹೋಗೆನೆಂದು ಎಲ್ಲೆ ಹಾಕಿಕೊಳ್ಳುವುದು, ಆ ಎಲ್ಲೆಯಾಚೆ ತನ್ನಿಂದ ಯಾರಿಗೂ ನೋವಾಗದಿರಲೆಂದು. ಹೊಸಬನೂ ತನ್ನ ಕತ್ತಿಗೆ ಹೀಗೊಂದು ಎಲ್ಲೆ ಹಾಕಿಕೊಳ್ಳಬಹುದು. ಆ ವ್ರತದ ಎಲ್ಲೆಯನ್ನು ಆಮೇಲೆ ಹಿಗ್ಗಿಸುವಂತಿಲ್ಲ, ಕತ್ತಿ ಕಲಿಯುವವನು ಹಿಗ್ಗಿಸಬಹುದು, ವ್ಯತ್ಯಾಸ ಅಷ್ಟು. ಮೊದಲ ಕೆಲವು ವಾರ ಕಿವಿಯ ಮುಂದಿನಿಂದ ದವಡೆಯವರೆಗಿನ ಚಪ್ಪಟೆ ಕೆನ್ನೆ ಮಾತ್ರ ಅವನ ಸೀಮೆ. ಉಳಿದ ಗಡ್ಡಕ್ಕೆ ಹಳೆಯ ರೇಜರೇ ಇರಲಿ. ಎರಡು ಕೆನ್ನೆಯ ಮೇಲೂ ಒತ್ತದೆ, ಜಾರದೆ ಕತ್ತಿ ಸಾಗತೊಡಗಿದ ಮೇಲೆ ದವಡೆಯ ಕೆಳಗೆ ಇಳಿಯಬಹುದು. ಗದ್ದದ ಉಬ್ಬು, ಮೇಲ್ದುಟಿ, ಗಂಟಲು ಅದಕ್ಕೂ ಆಮೇಲಿನವು.