ಕಿಂಡಿಯ ಎರಡು ಬದಿ

ನಮ್ಮ ಹಾರನಹಳ್ಳಿಯ ಚೆನ್ನಕೇಶವ ಮತ್ತು ಸೋಮೇಶ್ವರ ದೇಗುಲಗಳನ್ನು 1230ರ ದಶಕದಲ್ಲಿ ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸಹೋದರರು. ಅವರ ಹೆಸರು ಶಾಸನದಿಂದ ಉಳಿಯಿತು. ಅರಸೀಕೆರೆಯಿಂದ ಬಡಗಣಕ್ಕೆ ಹೊರಟು ಚಿತ್ರದುರ್ಗದ ಬೆಟ್ಟ ಹತ್ತುವವರು ಬಾಗಿಲು ಬಾಗಿಲಿಗೂ ಕೇಳುವ ಹೆಸರಾದರೋ ಜನರ ಬಾಯಿಂದ ಬಂದುದು. ಏಳು ಸುತ್ತಿನ ಆ ಕೋಟೆಯನ್ನು ಬಳಸಿ ನಡೆದು, ಭೀಮನು ಹಿಡಿಂಬನನ್ನು ಕೊಂದನೆಂಬ ಐತಿಹ್ಯದ ಹಿಡಿಂಬೇಶ್ವರ ಗುಡಿಯನ್ನೂ ಹೊಂಡಗಳನ್ನೂ ನೋಡಿದ ಮೇಲೆ, ಜನರು ಹುಡುಕಿಕೊಂಡು ಹೋಗುವುದು ತಣ್ಣೀರು ದೋಣಿಯ ಬಳಿಯ ಒಂದು ಬಂಡೆಯ ಸಂದಿಯನ್ನು. ಅದೇ ಒನಕೆ ಓಬವ್ವನ ಕಿಂಡಿ.

ಕಥೆ ಎಲ್ಲರಿಗೂ ಗೊತ್ತು. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರನ್ನು ಕಂಡವರಿಗೆ ಮರೆಯುವಂತೆಯೇ ಇಲ್ಲ. ಹೈದರಾಲಿಯ ಮುತ್ತಿಗೆಯ ಕಾಲ. ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾನೆ. ನೀರಿಗೆ ಬಂದ ಹೆಂಡತಿಗೆ ಕಿಂಡಿಯಾಚೆ ಪಿಸುಮಾತು ಕೇಳಿಸುತ್ತದೆ. ಆಕೆ ಒನಕೆ ಹಿಡಿದು ನಿಂತು, ತೂರಿ ಬಂದ ಒಬ್ಬೊಬ್ಬರನ್ನೂ ಹೊಡೆದು ಪಕ್ಕಕ್ಕೆ ಎಳೆಯುತ್ತಾಳೆ.

ಈ ಕಥೆಯಲ್ಲಿ ನಾವು ತೋಳಿನ ಬಲವನ್ನು ಕೊಂಡಾಡುತ್ತೇವೆ. ನನಗೆ ಕಿವಿಯೇ ದೊಡ್ಡದೆನಿಸುತ್ತದೆ. ಕಾವಲಿನ ಸಂಬಳ ಗಂಡನದು, ಹೊಣೆಯೂ ಅವನದೇ. 'ಇದು ನನ್ನ ಕೆಲಸವಲ್ಲ' ಎಂದು ಕೊಡ ತುಂಬಿಕೊಂಡು ಆಕೆ ಮರಳಿದ್ದರೆ ಯಾರೂ ದೂರುತ್ತಿರಲಿಲ್ಲ. ಉಣ್ಣುವವನನ್ನು ಎಬ್ಬಿಸಬಾರದೆಂದು ಆಕೆ ಸುಮ್ಮನಾದಳೆನ್ನುವುದು ನಮ್ಮ ಮನೆಗಳ ಸಂಕೋಚ. ಅದನ್ನೇ ಪತಿಭಕ್ತಿಯೆಂದು ಹೊಗಳುವವರೊಡನೆ ನನಗೆ ಒಪ್ಪಿಗೆಯಿಲ್ಲ. ಕೋಟೆಯಂತೂ 1779ರಲ್ಲಿ ಹೈದರನ ಕೈಸೇರಿತು. ಆದರೂ ಆಕೆ ಮಾಡಿದ್ದು ವ್ಯರ್ಥವೆಂದು ದುರ್ಗದ ಜನ ಒಮ್ಮೆಯೂ ಎಣಿಸಲಿಲ್ಲ.

ಹಾಗಿದ್ದರೂ ಇದು ಕೊಲೆಯ ಕಥೆಯೇ ಅಲ್ಲವೇ? ನ್ಯಾಯಸ್ಥಾಪಕರ ಗ್ರಂಥವನ್ನು ಓದುವವರಿಗೆ ಯಾಯೇಲಳ ನೆನಪಾಗದಿರದು. ಆಕೆ ಆಶ್ರಯ ಬೇಡಿದ ಸೀಸೆರನಿಗೆ ಹಾಲು ಕೊಟ್ಟು, ಮಲಗಿದವನನ್ನು ಗೂಟ ಬಡಿದು ಕೊಂದಳು. ಓಬವ್ವ ಯಾರ ನಂಬಿಕೆಯನ್ನೂ ಮುರಿಯಲಿಲ್ಲ. ಕಳ್ಳದಾರಿಯಲ್ಲಿ ಬಂದವರನ್ನು ತನ್ನ ನೆಲದಲ್ಲಿ ನಿಂತು ತಡೆದಳು. ಈ ಅಂತರ ಸಣ್ಣದಲ್ಲ. ಆದರೆ ಯಾಯೇಲಳನ್ನು ಹರಸುವ ದೆಬೋರಳ ಗೀತೆಯೇ ಕೊನೆಗೆ ಕಿಟಕಿಯಲ್ಲಿ ನಿಂತು ಮಗನ ದಾರಿ ಕಾಯುವ ಸೀಸೆರನ ತಾಯಿಯತ್ತ ತಿರುಗುತ್ತದೆ. ಅದು ವ್ಯಂಗ್ಯಕ್ಕೇ ಇರಬಹುದು. ಆದರೂ ಒಮ್ಮೆ ಕಂಡ ಆ ತಾಯಿ ಓದುಗನ ಕಣ್ಣಿನಿಂದ ಮರೆಯಾಗುವುದಿಲ್ಲ. ದುರ್ಗದ ಕಥೆಯಲ್ಲಿ ಅಂಥ ಕಿಟಕಿಯಿಲ್ಲ. ಕಿಂಡಿಯಲ್ಲಿ ಬಿದ್ದವರಿಗೆ ಹೆಸರೂ ಇಲ್ಲ, ಊರೂ ಇಲ್ಲ. ಹೊಟ್ಟೆಪಾಡಿಗೆ ದಂಡಿಗೆ ಸೇರಿದವರು ಅವರಲ್ಲಿ ಎಷ್ಟು ಮಂದಿಯೋ.

2021ರಿಂದ ಕರ್ನಾಟಕ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಅದು ಸಲ್ಲತಕ್ಕ ಗೌರವ. ಕೋಟೆಗೆ ಬಂದ ಮಕ್ಕಳು ಮಾತ್ರ ಆಕೆ ಒನಕೆ ಹಿಡಿದು ನಿಂತ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರಿಗೆ ಕಿಂಡಿಯಲ್ಲಿ ನುಸುಳುವ ಆಸೆ. ಮೈ ಕುಗ್ಗಿಸಿ, ತಲೆ ಮುಂದೆ ಮಾಡಿ, ನಗುತ್ತ ಒಬ್ಬೊಬ್ಬರಾಗಿ ಈಚೆ ಬರುತ್ತಾರೆ. ಈ ಬದಿಯಲ್ಲಿ ಅವರ ತಾಯಂದಿರು ಕೈ ಚಾಚಿ ನಿಂತಿರುತ್ತಾರೆ.