ತೇಲುವ ಹಿಮ, ನೆಲದ ಹಿಮ

ಮೈಸೂರಿನ ಮಕ್ಕಳಿಗೆ ಧ್ರುವಪ್ರದೇಶದ ಪಾಠ ಹೇಳಲು ಎರಡು ಗಾಜಿನ ಲೋಟ, ಒಂದು ಕಲ್ಲು, ಒಂದಿಷ್ಟು ಐಸ್ ಸಾಕು. ಒಂದು ಲೋಟದಲ್ಲಿ ಐಸ್ ನೀರಿನ ಮೇಲೆ ತೇಲಲಿ. ಇನ್ನೊಂದರಲ್ಲಿ, ನೀರಿನಿಂದ ತಲೆ ಎತ್ತಿದ ಕಲ್ಲಿನ ಮೇಲೆ ಕೂರಲಿ. ನೀರಿನ ಮಟ್ಟಕ್ಕೆ ಸ್ಕೆಚ್ ಪೆನ್ನಿನ ಗೆರೆ ಎಳೆದು ಕಾಯಬೇಕು. ತೇಲುತ್ತಿದ್ದ ಐಸ್ ಪೂರ್ತಿ ಕರಗಿದರೂ ನೀರು ಗೆರೆ ದಾಟುವುದಿಲ್ಲ. ಕಲ್ಲಿನ ಮೇಲಿದ್ದದ್ದು ಕರಗಿ ಇಳಿದ ಲೋಟದಲ್ಲಿ ಮಾತ್ರ ನೀರು ಏರಿರುತ್ತದೆ. ಉತ್ತರ ಧ್ರುವದ ಸಾಗರದ ಹಿಮ ಮೊದಲನೆಯ ಬಗೆ, ಅಂಟಾರ್ಕ್ಟಿಕಾದ ನೆಲದ ಹಿಮ ಎರಡನೆಯದು. ಆ ನೆಲದ ಹಿಮವೆಲ್ಲ ಕರಗಿದರೆ ಸಮುದ್ರ ಸುಮಾರು 58 ಮೀಟರ್ ಏರುತ್ತದೆ.

ಆಗ ಒಂದು ಮಗು ಲೆಕ್ಕ ಹಾಕಿಯೇ ಹಾಕುತ್ತದೆ: ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ನಮಗೇನೂ ಆಗಲ್ಲ. ಆ ಮಗುವನ್ನು ಗದರಿಸಬಾರದು; ಲೆಕ್ಕ ಸರಿಯಾಗಿಯೇ ಇದೆ. ಬಡಕಲು ಹಿಮಕರಡಿಯ ಚಿತ್ರ ತೋರಿಸಿ ಕಣ್ಣಲ್ಲಿ ನೀರು ತರಿಸುವುದಕ್ಕಿಂತ ಈ ಮಾತಿನಿಂದಲೇ ಪಾಠ ಮುಂದುವರಿಯುವುದು ಒಳ್ಳೆಯದು ಎನ್ನುವುದು ನನ್ನ ನಂಬಿಕೆ.

ಮಟಮಟ ಮಧ್ಯಾಹ್ನ ದೇವಸ್ಥಾನದ ಅಂಗಳದಲ್ಲಿ ಬರಿಗಾಲಲ್ಲಿ ನಡೆದವರಿಗೆ ಗೊತ್ತು: ಚಪ್ಪಡಿ ಕಲ್ಲು ಸುಡುತ್ತದೆ, ಅದರ ಮೇಲೆ ಬಳಿದ ಬಿಳಿ ಪಟ್ಟಿ ಅಷ್ಟು ಸುಡುವುದಿಲ್ಲ. ಮಕ್ಕಳ ಅಂಗಾಲಿಗೂ ಇದು ಗೊತ್ತು. ಹಿಮದ ಬಿಳುಪೂ ಹಾಗೆಯೇ: ಹೊಸದಾಗಿ ಬಿದ್ದ ಹಿಮ ಬಿಸಿಲಿನ ಶೇಕಡ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ; ತೆರೆದ ಕಡಲು ಶೇಕಡ 90ಕ್ಕೂ ಹೆಚ್ಚನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಲೋಟದ ಗೆರೆ ದಾಟಿಸದ ಆ ತೇಲುವ ಹಿಮವೂ ಹೀಗೆ ಲೆಕ್ಕಕ್ಕೆ ಬರುತ್ತದೆ. ಅದು ಕರಗಿದಷ್ಟೂ ಕಡಲು ಕಾಯುತ್ತದೆ, ಕಡಲು ಕಾದರೆ ಗಾಳಿಯ ದಾರಿಯೂ ಬದಲಾಗಬಹುದು. ಆರ್ಕ್ಟಿಕ್ ಹಿಮ ಕುಗ್ಗುವುದಕ್ಕೂ ಮಧ್ಯ ಭಾರತದಲ್ಲಿ ಮುಂಗಾರಿನ ಕೊನೆಗೆ ಸುರಿಯುವ ವಿಪರೀತ ಮಳೆಗೂ ಇರಬಹುದಾದ ನಂಟನ್ನು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರಿಶೀಲಿಸಿದ್ದಾರೆ. ನಮ್ಮ ನಲ್ಲಿಗೆ ಬರುವ ಕಾವೇರಿ, ಕಬಿನಿಯ ನೀರು ಕೊಡಗು, ವಯನಾಡಿನ ಮುಂಗಾರನ್ನೇ ನಂಬಿದೆ. ಸಮುದ್ರ ಇಲ್ಲಿಗೆ ಬಾರದು, ನಿಜ. ಆದರೆ ಮಳೆ ಬರಬೇಕಲ್ಲ!

“ಹಾಗಾದ್ರೆ ಈ ಸಲದ ಮಳೆ ಹೀಗಾಗಿದ್ದು ಅದಕ್ಕೇನಾ?” ಎಂದು ಕೇಳಿದರೆ, ಒಂದು ವರ್ಷದ ಮಳೆಯಿಂದ ಹಾಗೆ ಹೇಳಲಾಗದು, ಹತ್ತಾರು ವರ್ಷದ ಅಳತೆ ಬೇಕು ಎಂದು ಪ್ರಾಮಾಣಿಕವಾಗಿ ಹೇಳಬೇಕು. ಅಂಥ ಅಳತೆ ನಡೆಯುವ, ಅಂಟಾರ್ಕ್ಟಿಕಾದ ಭಾರತೀಯ ಸಂಶೋಧನಾ ಕೇಂದ್ರ ಮೈತ್ರಿ ಶುರುವಾದದ್ದು 1989ರಲ್ಲಿ. ಸೂರ್ಯನೇ ಮೂಡದ ತಿಂಗಳುಗಳಲ್ಲೂ ನಮ್ಮ ಹವಾಮಾನ ಇಲಾಖೆಯವರು ಅಲ್ಲಿ ತಾಪಮಾನ, ಗಾಳಿ, ಒತ್ತಡ ಬರೆದಿಡುತ್ತಾರೆ. ಶಾಲೆಯ ಅಂಗಳದಲ್ಲೂ ಒಂದು ಮಳೆಮಾಪಕ ಇಡೋಣ. ಈ ವರ್ಷದ ಏಳನೇ ತರಗತಿಯವರು ಬರೆದ ಪುಸ್ತಕವನ್ನು ಮುಂದಿನ ಏಳನೆಯವರು ಮುಂದುವರಿಸಲಿ.